ಮ್ಯೂಸಿಯಂನ ಒಳಕೋಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕಡೆಯ ಒಂದು ಸಣ್ಣ ಕಲಾ ಮ್ಯೂಸಿಯಂನಲ್ಲಿ ನನ್ನ ಕೆಲಸ. ಜನ ನೋಡುವ ಹಾಲ್‌ನಲ್ಲಿ ಅಲ್ಲ, ಅದರ ಹಿಂದಿನ ಕೋಣೆಗಳಲ್ಲಿ. ನೋಡಲು ಬಂದವರು, ಪತ್ರ ಬರೆದವರು, ಶಾಲೆಯ ಮಕ್ಕಳು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ಮನೆಯ ಹಳೆ ವಸ್ತುವಿನ ಚಿಂತೆ ಇದ್ದವರು ನೇರವಾಗಿ ಮೂರನೇ ಭಾಗಕ್ಕೆ ಹೋಗಿ.

## 1. ಎಲ್ಲರೂ ಕೇಳುವುದು

ಚಿತ್ರ ಗೋಡೆಗೆ ತೂಗುಹಾಕಿ ಆಯ್ತಲ್ಲ, ಆಮೇಲೆ ನಿಮಗೇನು ಕೆಲಸ?

ನೋಡುವುದು, ಬರೆದಿಡುವುದು. ಬೆಳಿಗ್ಗೆ ಬಂದ ಕೂಡಲೇ ಪ್ರತಿ ಕೋಣೆಯ ಉಷ್ಣತೆ, ತೇವಾಂಶ ಎಷ್ಟಿದೆ ಅಂತ ಬರೆದುಕೊಳ್ಳುತ್ತೇವೆ. ಗೋಡೆಯ ಬುಡದಲ್ಲಿ ಇಟ್ಟ ಅಂಟುಕಾಗದದ ಬಲೆಗಳಲ್ಲಿ ಯಾವ ಹುಳ ಬಿದ್ದಿದೆ ನೋಡುತ್ತೇವೆ. ಸತ್ತ ಇರುವೆ ಇದ್ದರೆ ಚಿಂತೆ ಇಲ್ಲ, ಬೆಳ್ಳಿಹುಳ ಇದ್ದರೆ ಅವತ್ತಿನ ಉಳಿದ ಕೆಲಸ ಬಂದ್. ಚಿತ್ರದ ಮೇಲೆ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಬಣ್ಣ ಎಲ್ಲಾದರೂ ಎದ್ದಿದೆಯಾ ನೋಡುತ್ತೇವೆ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಓರೆಯಲ್ಲಿ ಹಿಡಿದರೆ ಕೂದಲೆಳೆಯಷ್ಟು ಬಿರುಕಿಗೂ ನೆರಳು ಬೀಳುತ್ತದೆ.

ಕೈಯಲ್ಲಿ ಬ್ರಷ್ ಹಿಡಿದು ರಿಪೇರಿ ಮಾಡುವುದು ಇಡೀ ಕೆಲಸದ ಸಣ್ಣ ಪಾಲು. ಹಾಗೆ ಹೇಳಿದರೆ ಶಾಲೆಯ ಮಕ್ಕಳಿಗೆ ಭಾರೀ ನಿರಾಸೆ.

ಕ್ಯುರೇಟರ್ ಅಂದ್ರೂ ಕನ್ಸರ್ವೇಟರ್ ಅಂದ್ರೂ ಒಂದೇ ಅಲ್ವಾ?

ಅಲ್ಲ. ಯಾವ ವಸ್ತು ತರಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು, ಅದರ ಕಥೆ ಏನು, ಫಲಕದಲ್ಲಿ ಏನು ಬರೆಯಬೇಕು, ಇದು ಕ್ಯುರೇಟರ್ ತಲೆನೋವು. ಆ ವಸ್ತು ಹಾಳಾಗದಂತೆ ನೋಡಿಕೊಳ್ಳುವುದು ಕನ್ಸರ್ವೇಟರ್ ಕೆಲಸ. ದೊಡ್ಡ ಊರುಗಳಲ್ಲಿ ಇಬ್ಬರೂ ಬೇರೆ ಬೇರೆ. ನಮ್ಮಂಥ ಕಡೆ ಒಬ್ಬರೇ ಎರಡೂ ಮಾಡಬೇಕಾಗುತ್ತದೆ. ಆಗ ನಮ್ಮೊಳಗೇ ಜಗಳ: ತೋರಿಸಬೇಕು ಅಂತ ಒಂದು ಮನಸ್ಸು, ಪೆಟ್ಟಿಗೆಯಲ್ಲೇ ಇರಲಿ ಅಂತ ಇನ್ನೊಂದು.

ಒಳಗೆ ಇಷ್ಟು ಕತ್ತಲೆ ಯಾಕೆ? ಕರೆಂಟ್ ಬಿಲ್ ಉಳಿಸೋಕಾ?

ಬಿಲ್ ಉಳಿಯುವುದು ನಿಜ, ಆದರೆ ಕಾರಣ ಅದಲ್ಲ. ಬೆಳಕು ಬಣ್ಣವನ್ನು ತಿನ್ನುತ್ತದೆ, ಹೋದ ಬಣ್ಣ ಯಾವ ಚಿಕಿತ್ಸೆಗೂ ವಾಪಸ್ ಬರುವುದಿಲ್ಲ. ಕಾಗದ, ಬಟ್ಟೆ, ಜಲವರ್ಣಕ್ಕೆ ಸುಮಾರು 50 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅನ್ನುವುದರ ಅಳತೆ) ಬೆಳಕು ಸಾಕು ಅಂತ ಲೋಕದ ಮ್ಯೂಸಿಯಂಗಳು ಒಪ್ಪಿಕೊಂಡಿವೆ. ತೈಲಚಿತ್ರಕ್ಕೆ 200ರ ತನಕ ನಡೆಯುತ್ತದೆ.

ಮಧ್ಯಾಹ್ನದ ನೇರ ಬಿಸಿಲು ಹೆಚ್ಚುಕಡಿಮೆ 1 ಲಕ್ಷ ಲಕ್ಸ್. ಲೆಕ್ಕ ಹಾಕಿ: ಬಿಸಿಲಲ್ಲಿ ಒಂದು ಗಂಟೆ ಇಟ್ಟ ಸೀರೆ, ನಮ್ಮ ಹಾಲ್‌ನಲ್ಲಿ 2000 ಗಂಟೆ ಉಣ್ಣಬೇಕಾದ ಬೆಳಕನ್ನು ಉಂಡಿರುತ್ತದೆ. ದಿನಕ್ಕೆ 8 ಗಂಟೆ ಬಾಗಿಲು ತೆರೆದರೂ ಅದು 250 ದಿನ. ಬಿಸಿಲಲ್ಲಿ ಶಾಖ, ಅತಿನೇರಳೆ ಕಿರಣಗಳ ಕಾಟವೂ ಸೇರುತ್ತದೆ, ಅದು ಈ ಲೆಕ್ಕದ ಹೊರಗೆ. ಮಳೆ ಮುಗಿದ ಮೇಲೆ ಹಳೆ ಪಟ್ಟೆಸೀರೆಗಳನ್ನು ಅಂಗಳದ ಹಗ್ಗಕ್ಕೆ ಹರಡುವ ಅಮ್ಮಂದಿರಿಗೆ ಇದನ್ನು ಹೇಳಿ. ಜಗಲಿಯ ನೆರಳಿನ ಗಾಳಿ ಸಾಕು.

ಅಷ್ಟೆಲ್ಲ ಇಟ್ಕೊಂಡು ಕಾಲು ಭಾಗವನ್ನೂ ತೋರಿಸಲ್ವಲ್ಲ, ಯಾಕೆ?

ಜಾಗ ಇಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ವಸ್ತುಗಳಿಗೂ ವಿಶ್ರಾಂತಿ ಬೇಕು. ಕೆಲವು ತಿಂಗಳು ಬೆಳಕಿಗೆ ಬಂದ ಬಟ್ಟೆ, ಕಾಗದ ಮತ್ತೆ ಕತ್ತಲೆಗೆ ಹೋಗಬೇಕು. ನಿಮಗೆ ನಿರ್ದಿಷ್ಟವಾಗಿ ಏನಾದರೂ ನೋಡಬೇಕಿದ್ದರೆ ಮೊದಲೇ ತಿಳಿಸಿ ಬನ್ನಿ, ತೆಗೆದು ತೋರಿಸುತ್ತೇವೆ. ಓದುವವರಿಗೆ, ಕಲಿಯುವವರಿಗೆ ಅಂತಲೇ ಅದನ್ನು ಇಟ್ಟಿರುವುದು.

ಫ್ಲಾಶ್ ಹಾಕಿದ್ರೆ ಚಿತ್ರ ಹಾಳಾಗ್ತದಾ, ಸುಮ್ನೆ ಹೆದರಿಸ್ತೀರಾ?

ಒಂದು ಫ್ಲಾಶ್‌ನಿಂದ ಆಗುವ ಹಾನಿ ತೀರಾ ಕಡಿಮೆ. ಬೇಡ ಅನ್ನುವುದಕ್ಕೆ ಬೇರೆ ಕಾರಣ ಜಾಸ್ತಿ: ಪಕ್ಕದವರಿಗೆ ಕಿರಿಕಿರಿ, ಎರವಲು ಕೊಟ್ಟವರ ಷರತ್ತು, ಸೆಲ್ಫಿಗೆ ಹಿಂದೆ ಹಿಂದೆ ಸರಿದು ಗಾಜಿನ ಪೆಟ್ಟಿಗೆಗೆ ಒರಗುವವರು. ಕೊನೆಯವರ ಭಯ ನಮಗೆ ಫ್ಲಾಶ್‌ಗಿಂತ ಹೆಚ್ಚು.

## 2. ಮಳೆ, ಉಪ್ಪುಗಾಳಿ, ಹುಳ

ಸಮುದ್ರದ ಪಕ್ಕ ಕಲಾವಸ್ತು ಇಡೋದೇ ತಪ್ಪಲ್ವಾ? ಎಲ್ಲ ಬೆಂಗಳೂರಿಗೆ ಕಳಿಸ್ಬಾರದಾ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬೆಂಗಳೂರಿನಿಂದಲೇ ಬಂದಿರುತ್ತಾರೆ!

ಕಷ್ಟ ಇರುವುದು ಹೌದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಗಾಳಿಯ ತೇವಾಂಶ ಶೇಕಡಾ 90ರ ಹತ್ತಿರ ಹೋಗುತ್ತದೆ. ಜೊತೆಗೆ ಅಲೆಯ ಸಿಂಪರಣೆಯಿಂದ ಎದ್ದ ಉಪ್ಪಿನ ಕಣ. ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಲೋಹವನ್ನು ಕೊರೆಯುತ್ತದೆ. ಟಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯಂಥ ಉಕ್ಕಿನ ಒಡಲಿಗೂ ಈ ಗಾಳಿಯಲ್ಲಿ ಬಣ್ಣದ ಕವಚ ಬೇಕೇ ಬೇಕು.

ಆದರೆ ಇಲ್ಲೇ ಹುಟ್ಟಿದ ವಸ್ತುಗಳು ಇಲ್ಲಿನ ಹವೆಗೆ ಹೊಂದಿಕೊಂಡಿರುತ್ತವೆ. ಮಲೆನಾಡಿನ ಒದ್ದೆಯಲ್ಲಿ ನೂರು ವರ್ಷ ಇದ್ದ ಹಲಗೆಯನ್ನು ದಿಢೀರ್ ಅಂತ ಒಣ ಎಸಿ ಕೋಣೆಗೆ ಒಯ್ದರೆ ಅದು ಕುಗ್ಗಿ ಸೀಳುತ್ತದೆ, ಮೇಲಿನ ಬಣ್ಣ ಉದುರುತ್ತದೆ. ತೇವಾಂಶ ಎಷ್ಟಿದೆ ಅನ್ನುವಷ್ಟೇ ಮುಖ್ಯ ಅದು ಎಷ್ಟು ಬೇಗ ಏರಿಳಿಯುತ್ತದೆ ಅನ್ನುವುದು. ಅಲ್ಲದೆ ಶಿರಸಿಯ ಗುಡಿಗಾರರ ಕೆತ್ತನೆ ನೋಡಲು ಶಿರಸಿಯವರು ಬೆಂಗಳೂರು ಬಸ್ ಹತ್ತಬೇಕು ಅನ್ನುವುದು ಯಾವ ನ್ಯಾಯ?

ಒಂದು ಎಸಿ ಹಾಕಿಬಿಟ್ರೆ ಮುಗೀತಲ್ಲ?

ಹಗಲು ಎಸಿ, ಸಂಜೆ ಬಾಗಿಲು ಹಾಕುವಾಗ ಬಂದ್. ಇದು ಎಸಿ ಇಲ್ಲದ್ದಕ್ಕಿಂತ ಕೆಟ್ಟದ್ದು. ತಣ್ಣಗಾದ ಗಾಜು, ಲೋಹದ ಮೇಲೆ ರಾತ್ರಿ ಹೊರಗಿನ ಒದ್ದೆ ಗಾಳಿ ಬಂದು ನೀರಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ನಾವು ನಂಬುವುದು ಕರೆಂಟ್ ಬೇಡದ ಉಪಾಯಗಳನ್ನು. ಬಿಗಿ ಮುಚ್ಚಳದ ಪೆಟ್ಟಿಗೆ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ನೆಲದಿಂದ ಎತ್ತರದ ಕಪಾಟು, ಹೊರಗೋಡೆಗೆ ತಾಗದ ಕಪಾಟಿನ ಬೆನ್ನು. ತೇವ ತೆಗೆಯುವ ಯಂತ್ರ ಇದೆ, ಅದು ಇವುಗಳ ನಂತರ.

ಫ್ರೇಮಿನ ಒಳಗೆ ಬೂಷ್ಟು ಬಂದಿದೆ, ಒದ್ದೆ ಬಟ್ಟೇಲಿ ಒರೆಸ್ಲಾ?

ಬೇಡ. ಒರೆಸಿದರೆ ಬೂಷ್ಟಿನ ಬೀಜ ಕಾಗದದ ನಾರಿನೊಳಗೆ ಹೋಗಿ ಕಲೆಯಾಗಿ ನಿಲ್ಲುತ್ತದೆ. ತೇವಾಂಶ ಶೇಕಡಾ 65 ದಾಟಿ ಹಾಗೇ ಉಳಿದರೆ ಬೂಷ್ಟು ಬೆಳೆಯಲು ಶುರು, ಹಾಗಾಗಿ ಮೊದಲ ಕೆಲಸ ಒಣಗಿಸುವುದು. ಬೇರೆ ಚಿತ್ರಗಳಿಂದ ದೂರ, ಗಾಳಿಯಾಡುವ ನೆರಳಲ್ಲಿ ಇಡಿ. ಪೂರ್ತಿ ಒಣಗಿ ಪುಡಿಪುಡಿಯಾದ ಮೇಲೆ, ಮನೆಯ ಹೊರಗೆ, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಮೆತ್ತನೆಯ ಬ್ರಷ್‌ನಿಂದ ನಿಮ್ಮಿಂದ ಆಚೆಗೆ ಸರಿಸಿ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜು ಸಮೇತ ತನ್ನಿ. ಮತ್ತೆ ತೂಗುಹಾಕುವಾಗ ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ. ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ಒದ್ದೆಯಾಗಿರುತ್ತದೆ, ಆ ಬೆರಳಗಲ ಸಂದಿಯಲ್ಲಿ ಗಾಳಿ ಆಡಲಿ.

ಒರಲೆ, ಹುಳಕ್ಕೆ ನುಸಿಗುಳಿಗೆ ಹಾಕಿಟ್ರೆ ಸಾಕಾ?

ನುಸಿಗುಳಿಗೆಯ ಆವಿ ಮನುಷ್ಯರ ಆರೋಗ್ಯಕ್ಕೂ ಒಳ್ಳೆಯದಲ್ಲ, ಕೆಲವು ಪ್ಲಾಸ್ಟಿಕ್, ಮೆರುಗೆಣ್ಣೆಯನ್ನು ಮೆತ್ತಗೆ ಮಾಡುತ್ತದೆ. ಬೇವಿನ ಸೊಪ್ಪನ್ನು ಪುಸ್ತಕದ ನಡುವೆ ಇಟ್ಟರೆ ಒಣಗಿ ಕಲೆ ಬೀಳುತ್ತದೆ. ಬಜೆ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿ ಇಡುವ ಹಳೆ ರೂಢಿ ಪರವಾಗಿಲ್ಲ. ಅದು ಹುಳವನ್ನು ಸ್ವಲ್ಪ ದೂರ ಇಡಬಹುದು, ಒಳಗಿರುವುದನ್ನು ಕೊಲ್ಲುವುದಿಲ್ಲ.

ಕೊಲ್ಲಬೇಕಾದರೆ ಚಳಿಯೇ ಮದ್ದು. ಪುಸ್ತಕ, ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ ಇಡುತ್ತೇವೆ. ಹೊರಗೆ ತೆಗೆದ ಮೇಲೆ ಇಡೀ ಒಂದು ದಿನ ಚೀಲ ಬಿಚ್ಚುವುದಿಲ್ಲ. ಅವಸರ ಮಾಡಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ತೈಲಚಿತ್ರಕ್ಕೆ ಈ ಉಪಾಯ ಬೇಡ, ಬಣ್ಣ ಸೀಳುತ್ತದೆ. ಒರಲೆಯ ವಿಷಯ ಬೇರೆ: ಅದರ ಮನೆ ಮಣ್ಣಿನಲ್ಲಿ. ಚಿತ್ರಕ್ಕೆ ಔಷಧ ಹೊಡೆದು ಪ್ರಯೋಜನವಿಲ್ಲ, ಅದು ಹತ್ತಿ ಬಂದ ಗೋಡೆಯ ದಾರಿ ಹುಡುಕಬೇಕು.

## 3. ಮನೆಯಲ್ಲಿರುವ ಹಳೆ ವಸ್ತು

ಅಜ್ಜನ ಕಾಲದ ರವಿವರ್ಮನ ಲಕ್ಷ್ಮಿ ಇದೆ. ಒರಿಜಿನಲ್ಲೇ ಇರ್ಬೇಕು ಅಲ್ದಾ?

ಉತ್ತರ ಕನ್ನಡದಲ್ಲಿ ಈ ಪಟ ಇಲ್ಲದ ಹಳೆ ಜಗಲಿ ಹುಡುಕುವುದೇ ಕಷ್ಟ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ತಯಾರಿಸಿ, ಒಂದರ ಮೇಲೊಂದು ಒತ್ತಿ ತೆಗೆದ ಓಲಿಯೋಗ್ರಾಫ್‌ಗಳು ಅವು. ಮೇಲೆ ವಾರ್ನಿಶ್ ಬಳಿದರೆ ದೂರಕ್ಕೆ ತೈಲಚಿತ್ರದ ಹಾಗೇ ಕಾಣುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತನ್ನಿ. ಲಕ್ಷ್ಮಿಯ ಕೆನ್ನೆಯ ಮೇಲೆ ಇಟ್ಟು ನೋಡಿ. ಬ್ರಷ್‌ನ ಎಳೆ ಕಂಡರೆ ಕೈಯಿಂದ ಬರೆದದ್ದು. ಮರಳು ಚೆಲ್ಲಿದಂತೆ ಅಂಕುಡೊಂಕಾದ ಚುಕ್ಕಿಗಳು ಕಂಡರೆ ಕಲ್ಲಚ್ಚಿನದು, ಅಂದರೆ ಹಳೆಯದು. ಅಳತೆಯಿಟ್ಟ ಹಾಗೆ ಸಾಲುಸಾಲು ಚುಕ್ಕಿಗಳು ಹೂವಿನ ಆಕಾರದಲ್ಲಿ ಕೂತಿದ್ದರೆ ಈಚಿನ ಆಫ್‌ಸೆಟ್ ಮುದ್ರಣ. ನಮ್ಮಲ್ಲಿಗೆ ಬರುವುದರಲ್ಲಿ ಎರಡನೆಯದು, ಮೂರನೆಯದು ಜಾಸ್ತಿ. ಬೇಜಾರಾಗಬೇಡಿ, ಕಲ್ಲಚ್ಚಿನದ್ದಕ್ಕೂ ಒಳ್ಳೆಯ ಮರ್ಯಾದೆ ಇದೆ.

ಇಂಥ ಪಟ ನಮ್ಮ ಮೇಜಿಗೆ ಬಂದಾಗ ಹಿಂಬದಿಯಿಂದ ಕೆಲಸ ಶುರು. ತುಕ್ಕು ಹಿಡಿದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಎತ್ತುತ್ತೇವೆ. ಹಲಗೆ ತೆಗೆದರೆ ಒಳಗೆ ಹಳೆ ಪತ್ರಿಕೆಯ ಹಾಳೆ, ಕಣಜದ ಮಣ್ಣಿನ ಗೂಡು, ಕುಂಕುಮದ ಪುಡಿ. ಹಲಗೆಯ ಗಂಟು ಇದ್ದ ಕಡೆ ಕಾಗದದ ಬೆನ್ನಿಗೂ ಅದೇ ಆಕಾರದ ಕಂದು ಕಲೆ ಬಿದ್ದಿರುತ್ತದೆ. ಮರದ, ಪತ್ರಿಕೆಯ ಆಮ್ಲ ಕಾಗದಕ್ಕೆ ಇಳಿದ ಗುರುತು ಅದು. ಧೂಳು ತೆಗೆದು, ಹರಿದ ಕಡೆ ಬೆನ್ನಿಗೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತೇವೆ. ಆ ಅಂಟು ನೀರಿಗೆ ಬಿಡುತ್ತದೆ, ಮುಂದೆ ಯಾರಿಗಾದರೂ ತೆಗೆಯಬೇಕು ಅನಿಸಿದರೆ ತೆಗೆಯಬಹುದು. ಸೆಲ್ಲೋಟೇಪ್ ಹಾಗಲ್ಲ. ಆಮೇಲೆ ಆಮ್ಲವಿಲ್ಲದ ರಟ್ಟು, ಗಾಜಿಗೂ ಚಿತ್ರಕ್ಕೂ ನಡುವೆ ಅಂತರ.

ಪಟದ ಸೀರೆಯ ಮೇಲೆ ಜರಿ, ಮಿಂಚು ಅಂಟಿಸಿದ್ದರೆ ಅದನ್ನು ಕೀಳಬೇಡಿ. ನಿಮ್ಮ ಮನೆಯ ಯಾರೋ ಅಜ್ಜಿ ಮಧ್ಯಾಹ್ನಗಳಲ್ಲಿ ಕೂತು ಮಾಡಿದ ಅಲಂಕಾರ ಅದು. ಅಂಥ ಪಟ ಸಿಕ್ಕರೆ ಕ್ಯುರೇಟರ್‌ಗೆ ಖುಷಿ ಹೆಚ್ಚು.

ಹುಣಸೆಹಣ್ಣು ಹಾಕಿ ಫಳಫಳ ಮಾಡಿ ತಂದ್ರೆ ವಿಗ್ರಹಕ್ಕೆ ಬೆಲೆ ಜಾಸ್ತಿ ಅಲ್ವಾ?

ದಿನಾ ಹಚ್ಚುವ ದೀಪ, ಹರಿವಾಣ ತೊಳೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಹಳೆ ಕಂಚಿನ ಮೇಲಿನ ಕಂದು, ಕಡು ಹಸಿರು ಪದರ ಕೊಳೆ ಅಲ್ಲ. ಕಾಲ ಕಳೆದಂತೆ ಕೂತ ಗಟ್ಟಿ ಚರ್ಮ ಅದು, ಒಳಗಿನ ಲೋಹವನ್ನು ಕಾಯುತ್ತದೆ. ಹುಳಿ ಅದನ್ನು ಕರಗಿಸುತ್ತದೆ. ಕೆತ್ತನೆಯ ಸಣ್ಣ ಗೆರೆಗಳೂ ವರ್ಷ ವರ್ಷ ಸವೆಯುತ್ತವೆ.

ನಿಜವಾಗಿ ಹೆದರಬೇಕಾದದ್ದು ಬೇರೆ. ಕೆಲವೊಮ್ಮೆ ಪೀಠದ ಸಂದಿಯಲ್ಲಿ ತಿಳಿ ಹಸಿರು ಪುಡಿ ಕಾಣುತ್ತದೆ. ಬ್ರಷ್‌ನಿಂದ ಉದುರಿಸಿದರೆ ಕೆಳಗೆ ಸಾಸಿವೆಯಷ್ಟು ಗುಂಡಿ. ಒದ್ದೆ ಹವೆಯಲ್ಲಿ ಕೆಲವೇ ದಿನಕ್ಕೆ ಪುಡಿ ಮತ್ತೆ ಹಾಜರ್. ಉಪ್ಪಿನ ಕ್ಲೋರೈಡ್ ತಾಮ್ರದ ಜೊತೆ ಸೇರಿ, ತೇವ ಸಿಕ್ಕಾಗ ಆಮ್ಲವಾಗಿ, ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿಂದು ತನ್ನಷ್ಟಕ್ಕೆ ಮುಂದುವರಿಯುವ ರೋಗ ಇದು. ಕಡಲ ಪಕ್ಕದಲ್ಲಿ ಇದಕ್ಕೆ ಮೇವು ಸದಾ ಸಿದ್ಧ. ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು: ಬಿಗಿ ಮುಚ್ಚಳದ ಡಬ್ಬಿ, ಒಳಗೆ ಬೇಕಾದಷ್ಟು ಸಿಲಿಕಾ ಜೆಲ್, ವಿಗ್ರಹ ಅದರಲ್ಲಿ. ತೇವಾಂಶ ಶೇಕಡಾ 40ರ ಕೆಳಗಿದ್ದರೆ ರೋಗ ನಿಲ್ಲುತ್ತದೆ. ಮುಂದಿನ ರಾಸಾಯನಿಕ ಚಿಕಿತ್ಸೆ ಪ್ರಯೋಗಾಲಯದವರಿಗೆ ಬಿಡಿ.

ತಾಳೆಗರಿ ಕಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಅಡುಗೆಮನೆಯ ಯಾವ ಎಣ್ಣೆಯೂ ಬೇಡ. ಕೆಲ ವರ್ಷಕ್ಕೆ ಕಮಟು ಹಿಡಿದು ಧೂಳು, ಹುಳ ಎರಡನ್ನೂ ಕರೆಯುತ್ತದೆ. ಕಂಟದಿಂದ, ಅಂದರೆ ಬರೆಯುವ ಚೂಪು ಕಡ್ಡಿಯಿಂದ, ಕೊರೆದು ಮಸಿ ತುಂಬಿದ ಗರಿಗಳು ಒಣಗಿ ಗರಿಗರಿ ಆಗಿದ್ದರೆ ನಾವು ಮಜ್ಜಿಗೆಹುಲ್ಲಿನ ಎಣ್ಣೆಯಂಥ ಬೇಗ ಆರುವ ಎಣ್ಣೆಯನ್ನು ತೆಳುವಾಗಿ ಸವರುತ್ತೇವೆ. ಮೇಲ್ಮೈಯಲ್ಲಿ ಶಾಯಿಯಿಂದ ಬರೆದದ್ದು, ಬಣ್ಣದ ಚಿತ್ರ ಇರುವುದು ಆದರೆ ಅದೂ ಇಲ್ಲ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಬಿಡಿಸಲು ಹೋಗಬೇಡಿ. ಎಲ್ಲಕ್ಕಿಂತ ಮೊದಲು ಪ್ರತಿ ಗರಿಯ ಎರಡೂ ಬದಿಯ ಫೋಟೋ ತೆಗೆದಿಡಿ. ದಾರ ತುಂಡಾದರೆ ಕ್ರಮ ಕಂಡುಹಿಡಿಯುವುದು ದೊಡ್ಡ ರಗಳೆ.

ಯಕ್ಷಗಾನ ಮೇಳದ ಹಳೇ ಕಿರೀಟ ಕೊಟ್ರೆ ಹೊಸ ಬೇಗಡೆ ಹಚ್ಚಿ ಮಿಂಚಿಸ್ತೀರಾ?

ಇಲ್ಲ. ರಂಗಕ್ಕೆ ಹೋಗುವ ಕಿರೀಟವನ್ನು ಮೇಳದವರು ಮಿಂಚಿಸಲೇಬೇಕು, ಅದು ಅವರ ವೃತ್ತಿ. ನಮ್ಮಲ್ಲಿಗೆ ಬಂದದ್ದು ಆಟ ಮುಗಿಸಿ ಬಂದದ್ದು. ಹಣೆಪಟ್ಟಿಯ ಬೆವರಿನ ಕಲೆ, ಒಂದು ಬೇಗಡೆಯ ಮೇಲೆ ಇನ್ನೊಂದು ಹಚ್ಚಿದ ಪದರ, ಬಿಚ್ಚಿ ಮತ್ತೆ ಹೊಲಿದ ದಾರ, ಇವೆಲ್ಲ ಅದರ ಇತಿಹಾಸ. ಸಡಿಲಾದ ಮಣಿ ಉದುರದಂತೆ ಕಟ್ಟುತ್ತೇವೆ, ಒಳಗೆ ಮೆತ್ತೆ ಕೊಟ್ಟು ಆಕಾರ ನಿಲ್ಲಿಸುತ್ತೇವೆ, ಅಷ್ಟೇ. ಕೊಡುವಾಗ ಯಾವ ವೇಷಕ್ಕೆ, ಯಾರು ಕಟ್ಟುತ್ತಿದ್ದರು ಅಂತ ಬರೆದು ಕೊಡಿ ಮಾರಾಯ್ರೆ. ಅದು ಗೊತ್ತಿದ್ದವರು ಕಡಿಮೆಯಾಗುತ್ತಿದ್ದಾರೆ.

## 4. ಸ್ವಲ್ಪ ಆಳದ್ದು

ಗುಡಿ ಗೋಡೆಯ ಕಾವಿ ಚಿತ್ರ ಮಾಸಿದೆ. ಪೇಂಟರ್ ಹತ್ರ ಕೆಂಪು ಬಣ್ಣ ಹೊಡೆಸಿದ್ರೆ ಆಗೋದಿಲ್ವಾ?

ದಯವಿಟ್ಟು ಬೇಡ. ಈ ಒಂದು ಪ್ರಶ್ನೆಗೆ ನಾನು ಸ್ವಲ್ಪ ಸಿಟ್ಟಿನಲ್ಲೇ ಉತ್ತರಿಸುತ್ತೇನೆ.

ಕಾವಿ ಚಿತ್ರ ಬಳಿದ ಚಿತ್ರ ಅಲ್ಲ, ಕೊರೆದ ಚಿತ್ರ. ಚಿಪ್ಪು ಸುಟ್ಟ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಹದ ಮಾಡಿದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ. ಅದು ಹಸಿ ಇರುವಾಗಲೇ ಚೂಪು ಕಂಟದಿಂದ ಕೆಂಪನ್ನು ಹೆರೆದು ತೆಗೆದರೆ ಕೆಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ, ಗೋವಾದವರೆಗಿನ ಕರಾವಳಿಯ ಹಲವು ಗುಡಿಗಳಲ್ಲಿ ಈ ಕೆಲಸ ಇದೆ. ಕೆಂಪು ಬಣ್ಣ ಕಬ್ಬಿಣದ ಅದಿರಿನ ಮಣ್ಣು. ಅದು ಬಿಸಿಲಿಗೆ ಮಾಸುವಂಥದ್ದಲ್ಲ. ಹಾಗಾದರೆ ಮಾಸಿದ ಹಾಗೆ ಕಾಣುವುದು ಏನು? ಎಣ್ಣೆದೀಪದ ಹೊಗೆ, ಮೇಲೆ ಬಳಿದ ಸುಣ್ಣದ ತೆಳು ಪದರ, ಭಕ್ತರ ಕೈಯ ಸವೆತ, ಇಲ್ಲವೇ ಗೋಡೆಯೊಳಗಿಂದ ನೀರಿನ ಜೊತೆ ಬಂದು ಹೊರಗೆ ಕೂತ ಬಿಳಿ ಉಪ್ಪು. ಒಂದೊಂದಕ್ಕೆ ಒಂದೊಂದು ಮದ್ದು.

ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಕೊರೆದ ಗೆರೆ ತುಂಬಿಹೋಗುತ್ತದೆ. ಗೋಡೆಯ ಉಸಿರು ಕಟ್ಟುತ್ತದೆ. ತೇವ ಒಳಗೇ ನಿಂತು, ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ, ಒಂದು ಮಳೆಗಾಲದಲ್ಲಿ ಹಪ್ಪಳದ ಹಾಗೆ ಗಾರೆಯನ್ನೇ ಎಬ್ಬಿಸುತ್ತದೆ. ಕೆಳಗಿನ ಅರ್ಧಕ್ಕೆ ಸಿಮೆಂಟ್ ಹಾಕಿದರೂ ಇದೇ ಗತಿ. ನೀರು ಸಿಮೆಂಟಿನಲ್ಲಿ ಹೊರಬರಲಾಗದೆ ಮೇಲೇರಿ ಚಿತ್ರದ ಮೂಲಕ ಹೊರಬರುತ್ತದೆ.

ಗುಡಿ ಕಮಿಟಿಯವರು ಮೊದಲು ಗಮನ ಕೊಡಬೇಕಾದದ್ದು ಚಿತ್ರಕ್ಕಲ್ಲ, ಛಾವಣಿಗೆ. ಹೆಂಚು ಸರಿಸಿ ನೋಡಿ, ನೀರು ಎಲ್ಲಿಂದ ಇಳಿಯುತ್ತದೆ ಹುಡುಕಿ. ಗೋಡೆಯ ಬುಡದ ಚರಂಡಿ ಸರಿ ಮಾಡಿ. ಗಾರೆ ಹಾಕುವುದಿದ್ದರೆ ಸುಣ್ಣದ ಗಾರೆ. ಅಷ್ಟಾದ ಮೇಲೆ ತಜ್ಞರನ್ನು ಕರೆಸಿ. ನಾಲ್ಕು ಬೆರಳಗಲ ಜಾಗದಲ್ಲಿ ಪರೀಕ್ಷೆ ಮಾಡಿ ತೋರಿಸದವರಿಗೆ ಇಡೀ ಗೋಡೆ ಕೊಡಬೇಡಿ.

ಹೋದ ಜಾಗಕ್ಕೆ ನೀವೇ ಬಣ್ಣ ತುಂಬಿಸ್ತೀರಂತೆ. ಅದು ಮೋಸ ಅಲ್ವಾ?

ಮೋಸ ಆಗಬಾರದು ಅಂತಲೇ ನಿಯಮಗಳಿವೆ. ಬಣ್ಣ ಹೋದ ಜಾಗವನ್ನು ಮಾತ್ರ ತುಂಬುತ್ತೇವೆ, ಉಳಿದ ಮೂಲ ಬಣ್ಣದ ಮೇಲೆ ಒಂದು ಚುಕ್ಕಿಯೂ ಹೋಗಬಾರದು. ಮೂಲಕ್ಕೂ ನಮ್ಮ ಬಣ್ಣಕ್ಕೂ ನಡುವೆ ವಾರ್ನಿಶ್ ಇರಬೇಕು, ಬೇಡವಾದರೆ ಮೂಲಕ್ಕೆ ಧಕ್ಕೆ ಇಲ್ಲದೆ ತೆಗೆಯುವಂತಿರಬೇಕು. ಇಟಲಿಯ ಕಲಾ ಸಂರಕ್ಷಣಾ ತಜ್ಞ ಚೆಸಾರೆ ಬ್ರಾಂಡಿ ಮತ್ತು ಅವರ ರೋಮ್‌ನ ಸಂರಕ್ಷಣಾ ಸಂಸ್ಥೆಯವರು ಸಣ್ಣ ಸಣ್ಣ ನೇರ ಗೆರೆಗಳಿಂದ ತುಂಬುವ ಕ್ರಮ ರೂಢಿಗೆ ತಂದರು. ದೂರದಿಂದ ಚಿತ್ರ ಪೂರ್ತಿ ಕಾಣುತ್ತದೆ, ಹತ್ತಿರ ಹೋದರೆ ಯಾವುದು ರಿಪೇರಿ ಅಂತ ಗೊತ್ತಾಗುತ್ತದೆ.

ಮುಖವೇ ಹೋಗಿದ್ದರೆ? ಊಹೆಯ ಮೂಗು ಬರೆಯುವುದಿಲ್ಲ. ಸುತ್ತಲಿನ ಬಣ್ಣಕ್ಕೆ ಹೊಂದುವ ಸಾದಾ ಛಾಯೆ ಕೊಟ್ಟು ಬಿಡುತ್ತೇವೆ. ಮನೆಯವರಿಗೆ ಇದು ಒಪ್ಪಿಗೆ ಆಗುವುದು ಕಷ್ಟ, ಅದರಲ್ಲೂ ದೇವರ ಪಟ ಆದರೆ. ಪೂಜೆಗೆ ಇಡುವ ಪಟವನ್ನು ಪೂರ್ತಿ ಮಾಡಿಸಿಕೊಳ್ಳುವ ಹಕ್ಕು ಅವರದ್ದು ಅಂತ ನನಗನಿಸುತ್ತದೆ. ಆದರೆ ಆ ಕೆಲಸಕ್ಕೆ ಕಲಾವಿದರ ಹತ್ತಿರ ಹೋಗಬೇಕು, ನಮ್ಮ ಹತ್ತಿರ ಅಲ್ಲ.

ಹಸೆ ಚಿತ್ತಾರನ ಗೋಡೆಯಿಂದ ಕಿತ್ತು ತಂದು ಇಡೋಕಾಗ್ತದಾ?

ತಂತ್ರ ಇದೆ, ಮನಸ್ಸಿಲ್ಲ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿಯಲ್ಲಿ ಬರೆಯುವ ಚಿತ್ತಾರ ಮದುವೆಗೆ, ಹಬ್ಬಕ್ಕೆ ಅಂತ ಹುಟ್ಟುತ್ತದೆ, ಆಮೇಲೆ ಅಳಿಯುತ್ತದೆ, ಮತ್ತೆ ಬರೆಯುತ್ತಾರೆ. ನಾವು ಇಟ್ಟುಕೊಳ್ಳುವುದು ಪುಂಡಿ ನಾರಿನ ಕುಂಚ, ಬಣ್ಣದ ಕಾಯಿ, ಬರೆಯುವಾಗಿನ ವಿಡಿಯೋ, ಹಾಡಿದ ಪದ. ಚಿತ್ರ ಬೇಕಾದರೆ ಬರೆಯುವವರನ್ನೇ ಕರೆದು, ಸಂಬಳ ಕೊಟ್ಟು, ಹಲಗೆಯ ಮೇಲೆ ಬರೆಸುತ್ತೇವೆ. ಫಲಕದಲ್ಲಿ ಅವರ ಹೆಸರು ಹಾಕುತ್ತೇವೆ. ‘ಜನಪದ ಕಲೆ, ಕಲಾವಿದರು ತಿಳಿದಿಲ್ಲ’ ಅಂತ ಬರೆದು ಕೈತೊಳೆದುಕೊಳ್ಳುವ ಫಲಕಗಳನ್ನು ನೋಡಿ ನೋಡಿ ಸಾಕಾಗಿದೆ.

ಹಳೆ ಮೂರ್ತಿ ದಾನ ಕೊಟ್ರೆ ಪೊಲೀಸ್ ಕೇಸ್ ಆಗ್ತದಾ?

ಪ್ರಾಮಾಣಿಕವಾಗಿ ಕೊಟ್ಟರೆ ಹೆದರುವ ಕಾರಣ ಇಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಚಿತ್ರ ಮುಂತಾದವು ಪುರಾವಸ್ತು. ಹಸ್ತಪ್ರತಿಗೆ 75 ವರ್ಷ. ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಕೆಲವು ಬಗೆಯವನ್ನು ನೋಂದಣಿ ಮಾಡಿಸಬೇಕು. ವಿದೇಶಕ್ಕೆ ಕಳಿಸುವಂತಿಲ್ಲ, ದುಬೈಯಲ್ಲಿರುವ ಮಗನ ಮನೆಗೂ ಇಲ್ಲ. ತೋಟ ಅಗೆಯುವಾಗ ಮಣ್ಣಲ್ಲಿ ಸಿಕ್ಕಿದ್ದು ಬೇರೆ ಲೆಕ್ಕ, ಅದನ್ನು ತೊಳೆಯದೆ ಜಿಲ್ಲಾಡಳಿತಕ್ಕೆ ತಿಳಿಸಿ. ಎಲ್ಲಿಂದ ಬಂತು ಅಂತ ಹೇಳಲು ಹಿಂಜರಿಯುವವರ ವಸ್ತುವನ್ನು ನಾವು ಮುಟ್ಟುವುದಿಲ್ಲ, ಎಷ್ಟೇ ಚಂದ ಇರಲಿ.

ಮಗಳಿಗೆ ಈ ಕೆಲಸ ಕಲೀಬೇಕಂತೆ. ಯಾವ ಕೋರ್ಸು?

ಪಿಯುಸಿಯಲ್ಲಿ ರಸಾಯನಶಾಸ್ತ್ರ ಇರಲಿ, ಜೊತೆಗೆ ಚಿತ್ರ ಬರೆಯುವ ಅಭ್ಯಾಸ ಬಿಡದಿರಲಿ. ಎರಡೂ ಬೇಕು. ದೆಹಲಿಯ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಆಗಿದ್ದು ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅನ್ನಿಸಿಕೊಂಡ, ಪಕ್ಕದ ನೋಯ್ಡಾದಲ್ಲಿರುವ ಸಂಸ್ಥೆಯಲ್ಲಿ ಸಂರಕ್ಷಣೆಯಲ್ಲೇ ಸ್ನಾತಕೋತ್ತರ ಪದವಿ ಇದೆ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ ತರಬೇತಿ ಕೊಡುತ್ತದೆ, ಅದರ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ.

ಸಂಬಳ ದೊಡ್ಡದಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೇರುವ ಮೊದಲು ರಜೆಯಲ್ಲಿ ಕೆಲವು ವಾರ ಯಾವುದಾದರೂ ಮ್ಯೂಸಿಯಂನ ಒಳಕೋಣೆಯಲ್ಲಿ ಕೂರಿಸಿ ನೋಡಿ. ಇಡೀ ದಿನ ಒಂದೇ ಹಾಳೆಯ ಧೂಳು ತೆಗೆದು ಸಂಜೆ ಬೇಜಾರಿಲ್ಲದೆ ಮನೆಗೆ ಬಂದರೆ ಅರ್ಜಿ ಹಾಕಿಸಿ.